ಮೂಳೆ-ಸ್ನಾಯು ರೋಗಗಳು: ಭಾರತದ ಆರೋಗ್ಯದ ಮೇಲಿನ ಹೊರೆ

ಮೂಳೆ, ಕೀಲು, ಸ್ನಾಯುಗಳನ್ನು ಬಾಧಿಸುವ 150ಕ್ಕೂ ಹೆಚ್ಚು ಕಾಯಿಲೆಗಳನ್ನು ಮೂಳೆ-ಸ್ನಾಯು ರೋಗಗಳೆಂದು ಒಂದೇ ಗುಂಪಿನಲ್ಲಿ ಎಣಿಸುತ್ತಾರೆ. ಸೊಂಟನೋವು, ಕುತ್ತಿಗೆ ನೋವು, ಮಂಡಿ ಸವೆತ, ರುಮಟಾಯ್ಡ್ ಸಂಧಿವಾತ, ಗೌಟ್, ಮೂಳೆ ಟೊಳ್ಳಾಗುವ ಆಸ್ಟಿಯೊಪೊರೋಸಿಸ್ ಇವುಗಳಲ್ಲಿ ಮುಖ್ಯವಾದವು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 171 ಕೋಟಿ ಜನ ಇವುಗಳಿಂದ ಬಳಲುತ್ತಿದ್ದಾರೆ. 2020ರಲ್ಲಿ ಸೊಂಟನೋವಿದ್ದವರೇ 61.9 ಕೋಟಿ. ಆದರೂ ಭಾರತದ ಆರೋಗ್ಯ ಯೋಜನೆಗಳಲ್ಲಿ ಇವಕ್ಕೆ ಸಿಕ್ಕಿರುವ ಜಾಗ ಕಿರಿದು. ಇವು ಕೊಲ್ಲುವುದು ಅಪರೂಪ. ಹಾಗಾಗಿ ಸಾವಿನ ಪಟ್ಟಿ ಮುಂದಿಟ್ಟುಕೊಂಡು ಹಣ ಹಂಚುವವರ ಕಣ್ಣಿಗೆ ಬೀಳುವುದಿಲ್ಲ. ವಿಶ್ವಬ್ಯಾಂಕಿನ 1993ರ ವರದಿಯಿಂದ ಬಳಕೆಗೆ ಬಂದ ‘ಡ್ಯಾಲಿ’ ಎಂಬ ಮಾನ ಈ ಕೊರತೆಯನ್ನು ತುಂಬುತ್ತದೆ. ಅಕಾಲ ಮರಣದಿಂದ ಕಳೆದುಹೋದ ವರ್ಷಗಳ ಜೊತೆಗೆ ರೋಗದೊಡನೆ ಬಾಳಿದ ವರ್ಷಗಳನ್ನೂ ಅದು ಲೆಕ್ಕಕ್ಕೆ ಹಿಡಿಯುತ್ತದೆ. ಪೂರ್ಣ ಆರೋಗ್ಯಕ್ಕೆ 0, ಸಾವಿಗೆ 1 ಎಂದಿಟ್ಟರೆ, ಕಾಲಿಗೂ ಇಳಿಯುವ ಅತಿ ತೀವ್ರವಾದ ಸೊಂಟನೋವಿನ ತೂಕ 0.384. ಅದನ್ನು 20 ವರ್ಷ ಹೊತ್ತು ಬಾಳಿದವರು 7 ವರ್ಷಕ್ಕೂ ಹೆಚ್ಚು ಆರೋಗ್ಯದ ಆಯುಸ್ಸನ್ನು ಕಳೆದುಕೊಂಡಂತೆ. ಯಾವ ಮರಣ ಪ್ರಮಾಣಪತ್ರದಲ್ಲೂ ಈ ನಷ್ಟ ದಾಖಲಾಗುವುದಿಲ್ಲ.

ನೋವು ಅವರವರ ಅನುಭವ, ಅದಕ್ಕೆ ಅಂಕಿ ಕೊಡುವುದು ಹೇಗೆ ಎಂಬ ಆಕ್ಷೇಪ ಸಹಜವೇ. ಆದರೆ ಈ ತೂಕಗಳನ್ನು ತಜ್ಞರು ಕುಳಿತಲ್ಲೇ ಊಹಿಸಿದ್ದಲ್ಲ. ಬಾಂಗ್ಲಾದೇಶ, ಇಂಡೊನೇಷ್ಯಾ, ಪೆರು, ಟಾಂಜಾನಿಯಾ, ಅಮೆರಿಕಗಳ ಜನಸಾಮಾನ್ಯರನ್ನು ಕೇಳಿದಾಗ ಉತ್ತರಗಳು ಬಹುಮಟ್ಟಿಗೆ ಹೊಂದಿಕೆಯಾದವು. ಭಾರತದಲ್ಲೂ ಅಳತೆಯ ಮಾದರಿಯಿದೆ. ಪುಣೆ ಜಿಲ್ಲೆಯ ಭಿಗವಣ ಗ್ರಾಮದಲ್ಲಿ 1996ರಲ್ಲಿ ಆರಂಭವಾದ ‘ಕಾಪ್‌ಕಾರ್ಡ್’ ಸಮೀಕ್ಷೆಯಲ್ಲಿ ಕಾರ್ಯಕರ್ತರು ಮನೆಮನೆಗೆ ಹೋಗಿ, ನೋವಿರುವ ಜಾಗಗಳನ್ನು ಮನುಷ್ಯಾಕೃತಿಯ ಚಿತ್ರದ ಮೇಲೆ ಗುರುತಿಸಿಕೊಂಡರು. ನೋವಿದ್ದವರನ್ನು ಬಳಿಕ ವೈದ್ಯರು ಪರೀಕ್ಷಿಸಿದರು. ಆಸ್ಪತ್ರೆಯ ಮೆಟ್ಟಿಲು ಹತ್ತದವರ ನೋವೂ ಹೀಗೆ ಎಣಿಕೆಗೆ ಸಿಕ್ಕಿತು.

ವಯಸ್ಸಾದ ಮೇಲೆ ಕೀಲು ಸವೆಯುವುದು ಇದ್ದದ್ದೇ ಎಂಬ ಮಾತು ಇನ್ನೂ ಬಲವಾಗಿ ಬೇರೂರಿದೆ. ಅದು ಅರ್ಧ ಸತ್ಯ ಮಾತ್ರ. ಸೊಂಟನೋವಿನವರ ಸಂಖ್ಯೆ ಅತಿ ಹೆಚ್ಚಿರುವುದು 50ರಿಂದ 55ರ ವಯಸ್ಸಿನಲ್ಲಿ, ಅಂದರೆ ಇನ್ನೂ ದುಡಿಯುವ ವಯಸ್ಸಿನಲ್ಲಿ. ಬಗ್ಗಿ ನಾಟಿ ಮಾಡುವವರಿಗೆ, ದಿನವಿಡೀ ಕೂತು ಬೀಡಿ ಕಟ್ಟುವವರಿಗೆ ಬೆನ್ನು ಹಿಡಿದರೆ ಕೂಲಿಯೇ ಇಲ್ಲ. ಫಿಸಿಯೋಥೆರಪಿ ಒದಗಿಸುವ ಹಿರಿಯರ ರಾಷ್ಟ್ರೀಯ ಆರೋಗ್ಯ ಕಾರ್ಯಕ್ರಮ ಶುರುವಾಗುವುದೇ 60ರಿಂದ. 2010ರಲ್ಲಿ ಬಂದ ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮ ಕ್ಯಾನ್ಸರ್, ಸಕ್ಕರೆ ಕಾಯಿಲೆ, ಹೃದ್ರೋಗ, ಪಾರ್ಶ್ವವಾಯುಗಳನ್ನು ಹೆಸರಿಸಿ ಕೈಗೆತ್ತಿಕೊಂಡಿತೇ ಹೊರತು ಕೀಲು-ಬೆನ್ನುಗಳ ಕಾಯಿಲೆಯನ್ನಲ್ಲ. ಇವೆಲ್ಲ ತಡೆಯಲಾಗದವು ಎನ್ನುವಂತೆಯೂ ಇಲ್ಲ. ಕುಡಿಯುವ ನೀರಿನ ಫ್ಲೋರೈಡ್‌ನಿಂದ ಬೆನ್ನುಮೂಳೆ, ಕೀಲುಗಳು ಪೆಡಸಾಗುವ ಫ್ಲೋರೋಸಿಸ್ 1937ರಲ್ಲೇ ನೆಲ್ಲೂರು ಜಿಲ್ಲೆಯಿಂದ ವರದಿಯಾಗಿತ್ತು. ಕೊಳವೆಬಾವಿ ಆಳಕ್ಕಿಳಿದ ಕೋಲಾರದ ಸೀಮೆಯಲ್ಲೂ ಅದರ ಕಾಟವಿದೆ. ಅಲ್ಲಿ ಮದ್ದು ಶುದ್ಧ ನೀರು.

ಸಾವು ತಡೆಯುವುದೇ ಮೊದಲಾಗಲಿ, ಹಣ ಕಡಿಮೆ ಎನ್ನುವವರ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಮಂಡಿ ನೋವಿರುವವರು ನಡೆಯುವುದನ್ನೇ ಬಿಡುತ್ತಾರೆ. ನಡಿಗೆ ನಿಂತರೆ ತೂಕ, ರಕ್ತದೊತ್ತಡ, ಸಕ್ಕರೆ ಹತೋಟಿಗೆ ಬರುವುದು ಕಷ್ಟ. ಕೃತಕ ಮಂಡಿಗೆ 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಬೆಲೆಯ ಮಿತಿ ಹಾಕಿ, ಕೋಬಾಲ್ಟ್-ಕ್ರೋಮಿಯಂ ಮಾದರಿಯನ್ನು 54,720 ರೂಪಾಯಿಗೆ ಇಳಿಸಿದ್ದು ಒಳ್ಳೆಯ ಕೆಲಸ. ಅದು ನೆರವಾಗುವುದು ಮಂಡಿ ಪೂರಾ ಸವೆದವರಿಗೆ. ಅದಕ್ಕೂ ಮೊದಲಿನ ವರ್ಷಗಳಲ್ಲಿ ಬೇಕಾಗುವ ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ, ತೂಕ ಇಳಿಕೆ, ಕೆಲಸದ ಭಂಗಿಯ ತಿದ್ದುಪಡಿಗೆ ದುಬಾರಿ ಯಂತ್ರ ಬೇಡ, ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್ ಸಾಕು.