ಕ್ರೈಸ್ತ ವಿಶ್ವಾಸದಲ್ಲಿ ನೆನಪು

ಕ್ರೈಸ್ತ ಆರಾಧನೆ ನಿಂತಿರುವುದೇ ಒಂದು ಊಟದ ನೆನಪಿನ ಮೇಲೆ. ಶಿಲುಬೆಗೇರುವ ಹಿಂದಿನ ರಾತ್ರಿ ಯೇಸು ಶಿಷ್ಯರೊಡನೆ ರೊಟ್ಟಿ ಮುರಿದು, ತನ್ನನ್ನು ನೆನೆಯಲು ಹೀಗೆಯೇ ಮಾಡುತ್ತಿರಬೇಕೆಂದು ಹೇಳಿದ ಪ್ರಸಂಗ ಲೂಕನ ಸುವಾರ್ತೆಯಲ್ಲೂ ಪೌಲನ ಪತ್ರದಲ್ಲೂ ಬರುತ್ತದೆ. ಅದಕ್ಕೂ ಹಿಂದೆ ಐಗುಪ್ತದ ಬಿಡುಗಡೆಯನ್ನು ನೆನೆಯುವ ಯೆಹೂದ್ಯರ ಪಸ್ಕ ಹಬ್ಬವಿತ್ತು. ಎರಡು ಕಡೆಯೂ ನೆನೆಯುವುದೆಂದರೆ ನಾಲ್ಕು ಜನ ಕೂಡಿ ಉಣ್ಣುವುದು.

ಕ್ರಿ.ಶ. 400ರ ಸುಮಾರಿಗೆ ಸಂತ ಆಗಸ್ಟೀನ ತನ್ನ ‘ಕನ್ಫೆಷನ್ಸ್’ನ ಹತ್ತನೆಯ ಭಾಗದಲ್ಲಿ ದೇವರನ್ನು ಹುಡುಕುತ್ತ ತನ್ನದೇ ನೆನಪಿನೊಳಗೆ ಇಳಿದ. ಮರೆವು ಎಂಬುದು ನೆನಪಿನಲ್ಲಿ ಉಳಿಯುವುದಾದರೂ ಹೇಗೆಂದು ಅಲ್ಲಿ ಆತ ಪೇಚಾಡುತ್ತಾನೆ. 1694ರಲ್ಲಿ ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ ಮಾತನ್ನು ಇನ್ನಷ್ಟು ಬಿಗಿ ಮಾಡಿದ: ಅರಿವು ಹಿಂದಕ್ಕೆ ಎಲ್ಲಿಯವರೆಗೆ ಚಾಚುವುದೋ ಅಲ್ಲಿಯವರೆಗೇ ಆ ವ್ಯಕ್ತಿ.

ಧಾರವಾಡ ಸೀಮೆಯಲ್ಲಿ ನೆನಪು, ಗುರುತುಗಳ ಈ ಪ್ರಶ್ನೆ ಬಾಸೆಲ್ ಮಿಷನ್ ಜೊತೆಗೆ ಬಂತು. 1834ರಲ್ಲಿ ಮಂಗಳೂರಿಗೆ ಬಂದ ಮಿಷನ್ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ ತಲುಪಿತು. ಹೊಸ ವಿಶ್ವಾಸಿ ತನ್ನ ಹಳೆಯದರಲ್ಲಿ ಏನನ್ನು ಬಿಡಬೇಕು, ಏನನ್ನು ಉಳಿಸಿಕೊಳ್ಳಬೇಕು? ಜಾತಿಯ ವಿಷಯದಲ್ಲಿ ಮಿಷನರಿಗಳು ಕಟ್ಟುನಿಟ್ಟು. ಹೆಸರಿನಲ್ಲಿ ಮಾತ್ರ ಹಳೆಯದು ಅಷ್ಟು ಸುಲಭಕ್ಕೆ ಅಳಿಯಲಿಲ್ಲ. 1844ರ ಜನವರಿ 6ರಂದು ಮಂಗಳೂರಿನಲ್ಲಿ ದೀಕ್ಷಾಸ್ನಾನ ಪಡೆದ ಸಾರಸ್ವತ ಯುವಕ ಹರ್ಮನ್ ಆನಂದರಾವ್ ಕೌಂಡಿಣ್ಯನಾದ: ಮುಂದೆ ಗುರು ಹರ್ಮನ್ ಮೋಗ್ಲಿಂಗನ ಹೆಸರು, ಹಿಂದೆ ಗೋತ್ರದ ಹೆಸರು. ಬಾಸೆಲಿನಲ್ಲಿ ಓದಿ, ಪಾದ್ರಿಯಾಗಿ ಮರಳಿದ ಮೇಲೂ ಎರಡೂ ಉಳಿದವು.

ಅದೇ ಮಿಷನ್ನಿನ ಪಾದ್ರಿ ಕಿಟೆಲ್ ಬೇರೆ ದಾರಿ ಹಿಡಿದ. 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಬದುಕನ್ನು ಹಾಡಲು ಬರುವಂತೆ ಕನ್ನಡ ಛಂದಸ್ಸಿಗೆ ಒಗ್ಗಿಸಿದ. ಕೋಳಿವಾಡದ ಕುಮಾರವ್ಯಾಸನನ್ನು ಕೇಳಿ ಬೆಳೆದ ಕಿವಿಗಳಿಗೆ ಇದು ಜಾಣ ಲೆಕ್ಕಾಚಾರವೇ ಸರಿ.

ನವಲಗುಂದ ತಾಲೂಕಿನ ಯಮನೂರಿನ ಜಾತ್ರೆಯ ರೀತಿ ಬೇರೆ. ಬೆಣ್ಣಿಹಳ್ಳದ ದಂಡೆಯ ಅದೇ ಗದ್ದುಗೆಗೆ ಹಿಂದೂಗಳು ಚಾಂಗದೇವನೆಂದೂ ಮುಸಲ್ಮಾನರು ರಾಜಾಬಾಗಸವಾರನೆಂದೂ ನಡೆದುಕೊಳ್ಳುತ್ತಾರೆ. ಯಾರೂ ತಮ್ಮ ಹೆಸರು ಬಿಟ್ಟುಕೊಡಬೇಕಿಲ್ಲ. ದೀಕ್ಷಾಸ್ನಾನ ಹಾಗಲ್ಲ, ಅದು ಬದುಕಿಗೊಂದು ತಾರೀಖು ಹಾಕಿ ಹಿಂದು ಮುಂದು ಎಂದು ಭಾಗ ಮಾಡುತ್ತದೆ.

ಹಾಗಾದರೆ ಆ ತಾರೀಖೇ ಮರೆತುಹೋದವನ ಗತಿ? ಲಾಕ್‌ನ ಲೆಕ್ಕದಲ್ಲಿ ಮರೆಗುಳಿ ಕಾಯಿಲೆಯವರು ಹಳೆಯ ತಮ್ಮತನವನ್ನೇ ಕಳೆದುಕೊಂಡಂತೆ. ನರ್ಸ್ ಆಗಿದ್ದು ದೇವಶಾಸ್ತ್ರಜ್ಞನಾದ ಸ್ಕಾಟ್‌ಲೆಂಡಿನ ಜಾನ್ ಸ್ವಿಂಟನ್ 2012ರ ತನ್ನ ಪುಸ್ತಕದಲ್ಲಿ ಇದನ್ನು ಒಪ್ಪುವುದಿಲ್ಲ. ಮನುಷ್ಯನ ಗುರುತು ದೇವರ ನೆನಪಿನಲ್ಲಿದೆ ಎಂಬುದು ಆತನ ವಾದ. ಯೇಸುವಿನ ಪಕ್ಕದ ಶಿಲುಬೆಯ ಕಳ್ಳ ಬೇಡಿದ್ದೂ ತನ್ನನ್ನು ನೆನೆಸಿಕೋ ಎಂದೇ. ವಾದವೇನೋ ದೊಡ್ಡದು, ಆದರೆ ರೋಗಿಯ ಮಂಚದ ಬಳಿ ಯಾರಾದರೂ ಹೋಗಿ ಕೂರಬೇಕಲ್ಲ. ಮನೆಯವರ ಹೆಸರು ತಪ್ಪಿದವರೂ ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ ಕರ್ತನ ಪ್ರಾರ್ಥನೆಗೆ ಕೆಲವೊಮ್ಮೆ ದನಿಗೂಡಿಸುವುದುಂಟು. ಹಾಸಿಗೆ ಹಿಡಿದವರಿಗೆ ಸಭಾಪಾಲಕರು ರೊಟ್ಟಿ, ದ್ರಾಕ್ಷಾರಸವನ್ನು ಮನೆಗೇ ಒಯ್ದು ಕೊಡುತ್ತಾರೆ.