ಮಳೆಯ ನಾಡಿನಲ್ಲಿ ಬಿಸಿಲ ದೀಪ

ಮಳೆಗಾಲದ ಕಕ್ಕಡ ಮಾಸದಲ್ಲಿ ವಾರಗಟ್ಟಲೆ ಸೂರ್ಯನ ಮುಖವನ್ನೇ ಕಾಣದೆ, ಒಗೆದ ಬಟ್ಟೆಯನ್ನು ಒಲೆಯ ಮೇಲಣ ಅಟ್ಟದಲ್ಲಿ ಒಣಗಿಸಿಕೊಳ್ಳುವ ಕೊಡಗಿನ ಜನರ ಮುಂದೆ ಸೌರವಿದ್ಯುತ್ತಿನ ಮಾತನ್ನೆತ್ತುವುದು ತುಸು ಅವಿವೇಕದಂತೆ ತೋರಬಹುದು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಭಾಗಮಂಡಲದ ಕಡೆ ಅದಕ್ಕಿಂತಲೂ ಅಧಿಕ. ಆದರೆ ತಂತಿಯ ವಿದ್ಯುತ್ತು ಕೈಕೊಡುವುದೂ ಇದೇ ಮಳೆಯಲ್ಲಿ. ತೋಟದ ಸಿಲ್ವರ್ ಓಕ್ ಮರವೊಂದು ಲೈನಿನ ಮೇಲೆ ಉರುಳಿತೆಂದರೆ, ಕೆಸರು, ಜಿಗಣೆ, ಕುಸಿದ ರಸ್ತೆ ಇವುಗಳನ್ನೆಲ್ಲ ದಾಟಿ ಲೈನ್‌ಮನ್ ಬಂದು ಮುಟ್ಟುವ ತನಕ ಮೂರು ನಾಲ್ಕು ದಿನ ಕತ್ತಲೆಯಲ್ಲಿ ಕಳೆಯುವುದು ಇಲ್ಲಿಯವರಿಗೆ ಹೊಸತಲ್ಲ. ಬಿಸಿಲು ಧಾರಾಳವಾಗಿರುವ ಸೀಮೆಯಲ್ಲಿ ಕಣ್ಣಿಗೆ ಬೀಳದ ಸೌರವಿದ್ಯುತ್ತಿನ ಗುಣದೋಷಗಳು ಇಂತಹ ನಾಡಿನಲ್ಲಿ ನಿಚ್ಚಳವಾಗಿ ಕಾಣುವುದರಿಂದ, ಅದರ ಬೆಳವಣಿಗೆಯನ್ನು ಇಲ್ಲಿ ನಿಂತು ನೋಡುವುದು ಸಾರ್ಥಕವೆಂದು ನನ್ನ ಭಾವನೆ.

ತಂತಿಯ ಕಥೆಯಲ್ಲಿಯೇ ಒಂದು ವಿಪರ್ಯಾಸವಿದೆ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿದ ಕಾವೇರಿಯು ಶಿವನಸಮುದ್ರದಲ್ಲಿ ಧುಮುಕಿ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿಯನ್ನಿತ್ತಿತು, 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿಸಿತು. ಆ ನೀರು ಮೊದಲು ಹರಿದು ಬಂದ ಕಣಿವೆಗಳ ಮನೆಗಳಲ್ಲಿಯೋ ಆಮೇಲೂ ಬಹುಕಾಲ ಲಾಂದ್ರ ಮತ್ತು ಚಿಮಣಿ ಬುಡ್ಡಿಗಳೇ ಗತಿಯಾಗಿದ್ದವು. ಈ ಶತಮಾನದಲ್ಲಿಯೂ, ಮೈಸೂರಿನಿಂದ ಕೋಳಿಕ್ಕೋಡಿಗೆ ಹೋಗುವ 400 ಕಿಲೋವೋಲ್ಟ್ ಮಾರ್ಗಕ್ಕಾಗಿ ದಕ್ಷಿಣ ಕೊಡಗಿನ ತೋಟ ಕಾಡುಗಳಲ್ಲಿ ಮರಗಳು ಉರುಳಿದಾಗ, ತಮ್ಮ ತಲೆಯ ಮೇಲೆಯೇ ಹಾದುಹೋಗುವ ವಿದ್ಯುತ್ತಿನಲ್ಲಿ ತಮಗೇನು ಪಾಲು ಎಂದು ಜನ ಕೇಳಿದ್ದು ಸಹಜವೇ ಆಗಿತ್ತು.

ಬೆಳಕಿನಿಂದ ವಿದ್ಯುತ್ತು ಹುಟ್ಟುವ ಸಂಗತಿಯನ್ನು ಫ್ರಾನ್ಸಿನ ಬೆಕೆರೆಲ್ 1839ರಷ್ಟು ಹಿಂದೆಯೇ ಕಂಡಿದ್ದನಾದರೂ, ಉಪಯೋಗಕ್ಕೆ ಬರುವ ಸಿಲಿಕಾನ್ ಕೋಶವು ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಸಿದ್ಧವಾದದ್ದು 1954ರಲ್ಲಿ. ಅದು ಬಿಸಿಲಿನ ಶೇಕಡಾ 6ರಷ್ಟನ್ನು ಮಾತ್ರ ವಿದ್ಯುತ್ತಾಗಿಸುತ್ತಿತ್ತು. ಅಂದು ಅದರ ಬೆಲೆಯನ್ನು ತೆರಬಲ್ಲವರು ಉಪಗ್ರಹಗಳನ್ನು ಹಾರಿಸುವವರೇ ಹೊರತು ಬಡವರಲ್ಲ. ಭಾರತ ಸರ್ಕಾರವು 1982ರಲ್ಲಿ ಅಸಾಂಪ್ರದಾಯಿಕ ಇಂಧನಗಳಿಗೆಂದೇ ಒಂದು ಇಲಾಖೆಯನ್ನು ತೆರೆಯಿತು. ಹಳ್ಳಿಗಳಿಗೆ ಬೀದಿದೀಪಗಳು ಬಂದವು, ಪಂಪುಗಳು ಬಂದವು. ಆದರೆ ದೀಪವನ್ನು ಕೊಟ್ಟವರು ಫೋಟೋ ತೆಗೆಸಿಕೊಂಡು ಹೋದ ಮೇಲೆ ಬ್ಯಾಟರಿಗೆ ನೀರು ಹಾಕುವವರು ಯಾರೆಂಬುದನ್ನು ಯಾವ ಕಡತವೂ ಹೇಳುತ್ತಿರಲಿಲ್ಲ.

ಈ ಪ್ರಶ್ನೆಗೆ ನಡೆಯಬಲ್ಲ ಉತ್ತರವೊಂದು ದೊರೆತದ್ದು ಕರ್ನಾಟಕದಲ್ಲಿಯೇ. ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ 1995ರಲ್ಲಿ ಆರಂಭಿಸಿದ ಸೆಲ್ಕೋ ಸಂಸ್ಥೆಯ ಹಿರಿಮೆಯು ಯಾವ ಯಂತ್ರದ ಆವಿಷ್ಕಾರದಲ್ಲಿಯೂ ಇಲ್ಲ. ದೀಪವನ್ನು ದಾನದ ವಸ್ತುವೆಂದೆಣಿಸದೆ ಸಾಲದ ಮೇಲೆ ಕೊಳ್ಳಬಹುದಾದ ಸಾಮಾನೆಂದು ಬಗೆದುದರಲ್ಲಿ, ಗ್ರಾಮೀಣ ಬ್ಯಾಂಕುಗಳ ಮ್ಯಾನೇಜರರನ್ನು ಅದಕ್ಕೆ ಒಪ್ಪಿಸಿದುದರಲ್ಲಿ, ಕೆಟ್ಟರೆ ಮನೆಬಾಗಿಲಿಗೆ ಬರುವ ರಿಪೇರಿಯವನೊಬ್ಬನನ್ನು ಸಮೀಪದ ಪೇಟೆಯಲ್ಲಿರಿಸಿದುದರಲ್ಲಿ ಇದೆ. ಕೂಲಿಯವನಿಗೆ ತಿಂಗಳ ಕಂತಿಗಿಂತ ವಾರದ ಕಂತು ಹಗುರ. ಕಾಫಿ ಬೆಳೆಗಾರನಿಗೆ ಕುಯ್ಲಿನ ನಂತರದ ಒಂದೇ ಕಂತು ಲೇಸು. ತೀರ ಸಣ್ಣದಾಗಿ ತೋರುವ ಈ ವ್ಯವಹಾರಜ್ಞಾನವೇ ದೀಪವನ್ನು ಉಳಿಸಿತು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೇಸೇ ಪ್ರಶಸ್ತಿ ಬಂದಿತು. ನೆರೆಯ ಬಾಂಗ್ಲಾದೇಶವು 2003ರಿಂದ ಇದೇ ಬಗೆಯ ಸಾಲದ ದಾರಿಯನ್ನು ಹಿಡಿದು 40 ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಸೌರದೀಪವನ್ನು ಮುಟ್ಟಿಸಿದ ಮೇಲೆ, ಪುಕ್ಕಟೆ ಹಂಚಿಕೆಯೂ ತಂತಿಯ ವಿಸ್ತರಣೆಯೂ ಒಟ್ಟಿಗೆ ಬಂದು ಆ ಮಾರುಕಟ್ಟೆಯೇ ಕುಸಿದದ್ದೂ ನೆನಪಿಡತಕ್ಕ ಸಂಗತಿ.

ಕೊಡಗಿನಲ್ಲಿ ತಂತಿಯು ಕೊನೆಯದಾಗಿ ತಲುಪುವ, ಎಷ್ಟೋ ಕಡೆ ತಲುಪದೆಯೇ ಉಳಿಯುವ ಸ್ಥಳಗಳೆಂದರೆ ಜೇನುಕುರುಬರ, ಯರವರ, ಬೆಟ್ಟಕುರುಬರ ಹಾಡಿಗಳು. 2006ರ ಅರಣ್ಯ ಹಕ್ಕು ಕಾಯ್ದೆಯು ಗ್ರಾಮಸಭೆಯ ಶಿಫಾರಸಿನ ಮೇಲೆ, ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿಯಲ್ಲಿ, ವಿದ್ಯುತ್ ಮಾರ್ಗಕ್ಕೂ ಅವಕಾಶವನ್ನಿತ್ತಿದೆ. ಕಾಯ್ದೆಯಲ್ಲಿ ಇರುವುದಕ್ಕೂ ಕಾಡಿನಲ್ಲಿ ಆಗುವುದಕ್ಕೂ ಇರುವ ಅಂತರದಲ್ಲಿಯೇ ಸೋಲಾರ್ ಬಂದು ನಿಂತಿತು. ದಕ್ಷಿಣ ಕೊಡಗಿನ ಒಂದು ಹಾಡಿಯಲ್ಲಿ ನಾನು ಕಂಡದ್ದು ಇದು: ಶೀಟಿನ ಮಾಡಿನ ಮೇಲೆ ಬಾಗಿಲಗಲದ ಒಂದು ಪ್ಲೇಟು, ಅದರ ಕೆಳ ಅಂಚಿನಲ್ಲಿ ಹಸಿರು ಪಾಚಿಯ ಗೆರೆ, ಒಳಗೆ ಮಣ್ಣಿನ ಗೋಡೆಗೆ ತಗುಲಿಸಿದ, ಬ್ಯಾಟರಿಯನ್ನು ಕಾಯುವ ಚಾರ್ಜ್ ಕಂಟ್ರೋಲರ್ ಪೆಟ್ಟಿಗೆಯಲ್ಲಿ ಮಿನುಗುತ್ತಿದ್ದ ಕೆಂಪು ಬಿಂದು. ಕೆಂಪು ಬಂದರೆ ಏನರ್ಥವೆಂದು ಕೇಳಿದಾಗ ಮನೆಯ ಅಜ್ಜಿ, “ಮೊಬೈಲ್ ಹಾಕಬೇಡಿ, ಮಕ್ಕಳ ಓದು ಮುಗಿಯಲಿ ಅಂತ” ಎಂದಳು. ಚಾರ್ಜ್ ಕಂಟ್ರೋಲರಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಎಲ್ಲಿಯೂ ಕೇಳಿಲ್ಲ. ಹತ್ತು ಮಾರು ದೂರದಲ್ಲಿ ಒಂದು ಬೀದಿದೀಪದ ಕಂಬವಿತ್ತು. ಬ್ಯಾಟರಿ ಕಳುವಾಗಿ, ಕಂಬಕ್ಕೆ ಬಟ್ಟೆ ಹರವುವ ಹಗ್ಗವನ್ನು ಕಟ್ಟಿದ್ದರು.

2010ರ ರಾಷ್ಟ್ರೀಯ ಸೌರ ಅಭಿಯಾನದ ನಂತರ ಪ್ರಮಾಣವೇ ಬದಲಾಯಿತು. ತುಮಕೂರು ಜಿಲ್ಲೆಯ ಪಾವಗಡದಲ್ಲಿ, ರೈತರಿಂದ ಗೇಣಿಗೆ ಪಡೆದ ಸುಮಾರು 13,000 ಎಕರೆಯಲ್ಲಿ, 2,050 ಮೆಗಾವಾಟ್ ಸಾಮರ್ಥ್ಯದ ಶಕ್ತಿಸ್ಥಳವೆದ್ದಿತು. ರಾಜ್ಯದ ವಿದ್ಯುತ್ತಿನ ಲೆಕ್ಕಕ್ಕೆ ಅದು ದೊಡ್ಡ ಸಂಗತಿ. ಹಾಡಿಯ ಗುಡಿಸಿಲಿಗೆ ಏನೂ ಅಲ್ಲ, ಏಕೆಂದರೆ ಅಲ್ಲಿಂದ ಹೊರಟ ವಿದ್ಯುತ್ತಿಗೂ ಬೇಕಾದುದು ಅದೇ ತಂತಿಯೇ. 2024ರಿಂದ ಮಾಳಿಗೆಯ ಸೌರ ಘಟಕಗಳಿಗೆ ಕೇಂದ್ರವು 78,000 ರೂಪಾಯಿಯವರೆಗೆ ಸಹಾಯಧನ ಕೊಡುತ್ತಿದೆ. ಆದರೆ ತೋಟದ ಲೈನ್‌ಮನೆಯ ಕಾರ್ಮಿಕನಿಗೆ ಮಾಡೇ ಸ್ವಂತದ್ದಲ್ಲ. ಸ್ವಂತ ಮನೆಯವರೂ ಅರಿಯಬೇಕಾದ ಇನ್ನೊಂದು ಮಾತುಂಟು: ಬ್ಯಾಟರಿಯಿಲ್ಲದೆ ಲೈನಿಗೆ ಜೋಡಿಸಿದ ಘಟಕವು, ರಿಪೇರಿಗೆ ಕಂಬ ಹತ್ತಿದವನ ಜೀವರಕ್ಷಣೆಗಾಗಿ, ಲೈನಿನಲ್ಲಿ ಕರೆಂಟು ಹೋದೊಡನೆ ತಾನೂ ಸ್ಥಗಿತವಾಗುತ್ತದೆ. ಅರ್ಥಾತ್, ಮರ ಬಿದ್ದು ಕತ್ತಲಾದ ದಿನ ನೆತ್ತಿಯ ಮೇಲೆ ಬಿಸಿಲಿದ್ದರೂ ಮನೆಯಲ್ಲಿ ದೀಪವಿಲ್ಲ. ಕೊಡಗಿಗೆ ಬ್ಯಾಟರಿಯು ಅಲಂಕಾರವಲ್ಲ, ಆವಶ್ಯಕತೆ.

ಕೊಡಗಿನಲ್ಲಿ ಬಿಸಿಲಿನ ವಿದ್ಯುತ್ತನ್ನು ಎಲ್ಲರಿಗಿಂತ ಶ್ರದ್ಧೆಯಿಂದ ಅಭ್ಯಾಸ ಮಾಡಿರುವವು ಆನೆಗಳೆಂದು ಹೇಳಿದರೆ ಓದುಗರು ನಗಬಾರದು. ತೋಟಗಳಂಚಿನ ಸೋಲಾರ್ ಬೇಲಿಯ ಪೆಟ್ಟು ಕ್ಷಣಿಕವೆಂದೂ, ದಂತಕ್ಕೆ ಅದು ತಾಕದೆಂದೂ, ಮರವೊಂದನ್ನು ತಂತಿಯ ಮೇಲೆ ಕೆಡವಿದರೆ ದಾರಿ ತೆರೆಯುವುದೆಂದೂ ಅವು ಕಲಿತಿವೆ. ಮಳೆಗಾಲದಲ್ಲಿ ಬೆಳೆದ ಬಳ್ಳಿಗಳು ತಂತಿಗೆ ತಗುಲಿ ಶಕ್ತಿಯು ನೆಲಕ್ಕಿಳಿದುಹೋಗುವಾಗಲಂತೂ ಅವುಗಳಿಗೆ ಶ್ರಮವೇ ಇಲ್ಲ. ಇಲ್ಲಿಯೂ ಸೋತದ್ದು ಪ್ಲೇಟಲ್ಲ, ಬಳ್ಳಿ ಕಡಿಯದ ಕತ್ತಿ.

ಗ್ರಾಮ ಪಂಚಾಯಿತಿಗಳಲ್ಲಿ ನನ್ನದೊಂದು ವಿನಂತಿ ಇದೆ. ಹೊಸ ದೀಪಗಳ ಉದ್ಘಾಟನೆಗೆ ಮುನ್ನ, ಹಾಡಿಗಳಲ್ಲಿ ಈಗಾಗಲೇ ಇರುವ ದೀಪಗಳ ಪಟ್ಟಿಯನ್ನೂ ಪ್ರತಿಯೊಂದರ ಬ್ಯಾಟರಿಯ ವಯಸ್ಸನ್ನೂ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ವರ್ಷವರ್ಷವೂ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಒಂದು ಕ್ಯಾನು ಬ್ಯಾಟರಿ ನೀರಿನೊಡನೆ ಒಬ್ಬನನ್ನು ಅಲ್ಲಿಗೆ ಕಳುಹಿಸಿಕೊಡಿರಿ.