ತಳದಿಂದ ಮೂರನೇ ಸ್ಥಾನಕ್ಕೆ: ಬೆಂಗಳೂರು ಬುಲ್ಸ್ ಮರುನಿರ್ಮಾಣದ ಕಥೆ

ಬಾಗಲಕೋಟೆ: ಪ್ರೊ ಕಬಡ್ಡಿ ಲೀಗ್‌ನಲ್ಲಿ ರಾಜ್ಯವನ್ನು ಪ್ರತಿನಿಧಿಸುವ ಏಕೈಕ ತಂಡ ಬೆಂಗಳೂರು ಬುಲ್ಸ್. 2024ರ 11ನೇ ಆವೃತ್ತಿಯಲ್ಲಿ ಈ ತಂಡ ಹನ್ನೆರಡು ತಂಡಗಳ ಪೈಕಿ ಕಟ್ಟಕಡೆಯ ಸ್ಥಾನಕ್ಕೆ ಕುಸಿಯಿತು. ಆಡಿದ 22 ಪಂದ್ಯಗಳಲ್ಲಿ ಗೆದ್ದಿದ್ದು ಎರಡು, ಸೋತಿದ್ದು 19, ಒಂದು ಸಮಬಲ. ಗಳಿಸಿದ್ದು ಕೇವಲ 19 ಅಂಕ. ಮರುವರ್ಷವೇ ಅದು ಮೂರನೇ ಸ್ಥಾನಕ್ಕೇರಿತು. ಬಾದಾಮಿ, ಹುನಗುಂದ, ಇಳಕಲ್ ಭಾಗದಲ್ಲಿ ಊರ ಜಾತ್ರೆಯ ಮಣ್ಣಿನ ಅಂಕಣದಲ್ಲಿ ಕಬಡ್ಡಿ ನೋಡಿ ಬೆಳೆದ ಅಭಿಮಾನಿಗಳು ತಿಳಿಯಬೇಕಾದ ಬದಲಾವಣೆ ಇದು.

ಹಿನ್ನೆಲೆ

2014ರ ಮೊದಲ ಆವೃತ್ತಿಯಿಂದಲೂ ಬುಲ್ಸ್ ಲೀಗ್‌ನಲ್ಲಿದೆ. 2015ರಲ್ಲಿ ಫೈನಲ್ ತಲುಪಿ ಯು ಮುಂಬಾಕ್ಕೆ ಶರಣಾಯಿತು. 2019ರ ಜನವರಿ 5ರಂದು ಮುಂಬೈಯಲ್ಲಿ ನಡೆದ ಆರನೇ ಆವೃತ್ತಿಯ ಫೈನಲ್‌ನಲ್ಲಿ ಗುಜರಾತ್ ತಂಡವನ್ನು 38-33ರಿಂದ ಮಣಿಸಿ ಪ್ರಶಸ್ತಿ ಗೆದ್ದಿತು. ಅಂದು ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ಗಳಿಸಿದ್ದರು.

ಕುಸಿತದ ಕಾರಣ

ಪವನ್ 2022ರ ಹರಾಜಿನಲ್ಲಿ ತಮಿಳ್ ತಲೈವಾಸ್ ಪಾಲಾದರು. ಅವರ ಸ್ಥಾನ ತುಂಬಿದ ಭರತ್ 2024ರಲ್ಲಿ ಯುಪಿ ಯೋಧಾಸ್ ಸೇರಿದರು. ಆ ವರ್ಷ ಬುಲ್ಸ್ ಲೀಗ್‌ನ ಹೆಸರಾಂತ ರೈಡರ್ ಪರ್ದೀಪ್ ನರ್ವಾಲ್ ಅವರನ್ನು 70 ಲಕ್ಷ ರೂಪಾಯಿಗೆ, ಅಜಿಂಕ್ಯ ಪವಾರ್ ಅವರನ್ನು 1.10 ಕೋಟಿಗೂ ಹೆಚ್ಚು ಮೊತ್ತಕ್ಕೆ ಖರೀದಿಸಿತು. ನಿರೀಕ್ಷಿತ ಫಲ ದೊರೆಯಲಿಲ್ಲ.

ಕಬಡ್ಡಿಯಲ್ಲಿ ಔಟಾದ ಆಟಗಾರ ಅಂಕಣಕ್ಕೆ ಮರಳಬೇಕಾದರೆ ತನ್ನ ತಂಡ ಎದುರಾಳಿಯನ್ನು ಔಟ್ ಮಾಡಲೇಬೇಕು. ರೈಡಿಂಗ್ ವಿಫಲವಾದರೆ ಹಿಡಿತಗಾರರ ಸಂಖ್ಯೆಯೂ ತಗ್ಗುತ್ತದೆ. ನಾಲ್ವರು, ಮೂವರು ಎಂದು ಕರಗಿ ಕೊನೆಗೆ ಲೋನಾ, ಎದುರಾಳಿಗೆ ಎರಡು ಹೆಚ್ಚುವರಿ ಅಂಕ. ದಾಳಿಯ ದೌರ್ಬಲ್ಯ ಹೀಗೆ ರಕ್ಷಣೆಯನ್ನೂ ನುಂಗುತ್ತದೆ.

ಮರುನಿರ್ಮಾಣ

ಮೊದಲ ಬದಲಾವಣೆ ತರಬೇತುದಾರರದು. ಆರಂಭದಿಂದಲೂ ತಂಡದೊಂದಿಗಿದ್ದ ರಣಧೀರ್ ಸಿಂಗ್ ಅವರ ಜಾಗಕ್ಕೆ ಕನ್ನಡಿಗ, ಅರ್ಜುನ ಪ್ರಶಸ್ತಿ ಪುರಸ್ಕೃತ ಬಿ.ಸಿ. ರಮೇಶ್ ಬಂದರು. ಇವರು 2019ರಲ್ಲಿ ಬೆಂಗಾಲ್ ವಾರಿಯರ್ಸ್, 2024ರ ಮಾರ್ಚ್‌ನಲ್ಲಿ ಪುಣೇರಿ ಪಲ್ಟನ್ ತಂಡಗಳನ್ನು ಚಾಂಪಿಯನ್ ಪಟ್ಟಕ್ಕೇರಿಸಿದವರು.

ಎರಡನೆಯದು ಹರಾಜಿನ ನೀತಿ. 2025ರ ಹರಾಜಿನಲ್ಲಿ ತಂಡ ಅತಿಹೆಚ್ಚು ಹಣ ಸುರಿದಿದ್ದು ರೈಡರ್ ಮೇಲಲ್ಲ, ಬಲ ಮೂಲೆಯ ಹಿಡಿತಗಾರ ಯೋಗೇಶ್ ದಹಿಯಾ ಮೇಲೆ, ಬೆಲೆ 1.125 ಕೋಟಿ ರೂಪಾಯಿ. ಎಡ ಮೂಲೆಯಲ್ಲಿ ದೀಪಕ್ ಶಂಕರ್ ಮಿಂಚಿದರು. ದಾಳಿಯ ಹೊಣೆ ಇರಾನ್‌ನ ಅಲಿರೆಜಾ ಮಿರ್ಜಾಯಿಯನ್ ಹೆಗಲೇರಿತು. ಅದೇ ಹರಾಜಿನಲ್ಲಿ ಯಾರೂ ಕೊಳ್ಳದ ಪರ್ದೀಪ್ ನಿವೃತ್ತಿ ಘೋಷಿಸಿದರು.

ಫಲಿತಾಂಶ

ಆರಂಭ ಆಶಾದಾಯಕವಾಗಿರಲಿಲ್ಲ. ಮೊದಲ ಪಂದ್ಯ ಪುಣೇರಿ ಪಲ್ಟನ್ ವಿರುದ್ಧ ಟೈಬ್ರೇಕರ್‌ನಲ್ಲಿ ಕೈಜಾರಿತು. ನಂತರದ ಎರಡರಲ್ಲೂ ಸೋಲು. ಪಟ್ನಾ ಪೈರೇಟ್ಸ್ ವಿರುದ್ಧದ ಜಯದೊಂದಿಗೆ ತಂಡ ಚೇತರಿಸಿಕೊಂಡಿತು. ಅಂಕುಶ್ ರಾಥಿ ಅವರಿಂದ ನಾಯಕತ್ವ ಯೋಗೇಶ್ ಕೈಸೇರಿತು. ಗೆಲುವಿಗೆ ಎರಡೇ ಅಂಕ, ಕಡಿಮೆ ಅಂತರದ ಸೋಲಿಗೆ ಏನೂ ಇಲ್ಲ ಎಂಬ ಹೊಸ ಪದ್ಧತಿಯಲ್ಲಿ 18 ಲೀಗ್ ಪಂದ್ಯ ಮುಗಿದಾಗ ಬುಲ್ಸ್ ಮೂರನೆಯದಾಗಿತ್ತು. ಪ್ಲೇಆಫ್‌ನಲ್ಲಿ ಮಾತ್ರ ತೆಲುಗು ಟೈಟಾನ್ಸ್‌ಗೂ, ಬಳಿಕ ಪಟ್ನಾಕ್ಕೂ ಮಣಿದು ಹೊರಬಿತ್ತು.

ಉಳಿದ ಕೊರತೆ

ಪ್ರಶಸ್ತಿಯ ಬರ ನೀಗಿಲ್ಲ. ಅದಕ್ಕಿಂತ ದೊಡ್ಡ ಕೊರತೆ ತವರಿನ ಪಂದ್ಯಗಳದು. 2023ರ ಡಿಸೆಂಬರ್‌ನಲ್ಲಿ ಕಂಠೀರವ ಕ್ರೀಡಾಂಗಣದಲ್ಲಿ ಆಡಿದ ನಂತರ 11 ಮತ್ತು 12ನೇ ಆವೃತ್ತಿಗಳ ಒಂದು ಪಂದ್ಯವೂ ಕರ್ನಾಟಕದಲ್ಲಿ ನಡೆಯಲಿಲ್ಲ. 2025ರಲ್ಲಿ ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿಗಳಿಗಷ್ಟೇ ಆತಿಥ್ಯ ದೊರೆಯಿತು. ಇಳಕಲ್‌ನ ಅಭಿಮಾನಿಗೂ ಬೆಂಗಳೂರಿನ ಅಭಿಮಾನಿಗೂ ಟಿ.ವಿ. ಪರದೆಯೇ ಗತಿಯಾಯಿತು. ಸೋತ ತಂಡವನ್ನು ಹರಾಜು, ತರಬೇತುದಾರರಿಂದ ಒಂದೇ ವರ್ಷದಲ್ಲಿ ಕಟ್ಟಬಹುದು ಎಂಬುದನ್ನು ಬುಲ್ಸ್ ತೋರಿಸಿದೆ. ಹಳ್ಳಿಯ ಮಣ್ಣಿನಿಂದ ಮ್ಯಾಟ್‌ನತ್ತ ಕಣ್ಣಿಟ್ಟ ಹುಡುಗನಿಗೆ ಈ ತಂಡ ತನ್ನದೆನ್ನಿಸಬೇಕಾದರೆ, ಅದು ಅವನ ನಾಡಿನಲ್ಲಿ ಆಡುವುದೂ ಅಷ್ಟೇ ಅಗತ್ಯ.